ಹದಿನಾಲ್ಕು ಬೆಳಕಿಂಡಿಯ ಮನೆ

ಬೀಳಗಿ
ಕಾರಹುಣ್ಣಿಮೆಯ ಮರುದಿನ, ೧೨-೬-೨೦೨೫

ಕಾವ್ಯಾ, ನನ್ನ ಕೂಸೇ,

ಮೊದಲು ಕನಸನ್ನು ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ. ಮೊನ್ನೆ ನಸುಕಿನಲ್ಲಿ ನಿನ್ನ ತಾಯಿ, ನನ್ನ ಅಕ್ಕ ನೀಲಾಂಬಿಕಾ, ಪಡಸಾಲೆಯಲ್ಲಿ ಕೂತಿದ್ದಳು. ಆಗಷ್ಟೇ ಎರೆದುಕೊಂಡು ಬಂದ ತಲೆ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಂದೆ ನೀನು ಕಳಿಸಿದ ನಮ್ಮ ಮನೆಯ ನಕಾಶೆ ಹಾಸಿತ್ತು. ಅದರ ಮೇಲೆ ಬೆರಳಾಡಿಸುತ್ತ, ಒಂದೊಂದೇ ಕೋಣೆ ದಾಟುತ್ತ, "ಗಂಗಾ, ನನ್ನ ಖೋಲಿ ಎಲ್ಲೈತಿ?" ಎಂದಳು. ನನಗೆ ಗೊತ್ತಿತ್ತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಇನ್ನೂ ಇಪ್ಪತ್ತೆರಡೇ ವರ್ಷ, ನನಗೆ ನಲವತ್ತೆಂಟು. "ನೀ ಯಾರ ಬೇ? ನಮ್ಮ ಗಂಗಾನಂಗ ಕಾಣ್ತಿ" ಎಂದಳು. ಎದ್ದವಳೇ ಟ್ರಂಕಿನಲ್ಲಿಟ್ಟ ನಕಾಶೆಯನ್ನು ತೆಗೆದು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದೆ. ಒಣಗಿಯೇ ಇತ್ತು. ಮುಖ ತೊಳೆದುಕೊಂಡು ಬಂದು ಮತ್ತೊಮ್ಮೆ ಮುಟ್ಟಿ ನೋಡಿದೆ.

ನಕಾಶೆಯನ್ನು ಎಂಟು ದಿನದಲ್ಲಿ ತಿದ್ದಿ ಕಳಿಸು ಎಂದು ನೀನು ಹೇಳಿದ್ದೆ. ಇಪ್ಪತ್ತಾರು ದಿನವಾಯಿತು. ಬೈಯಬೇಡ. ದಿನಾ ಪೆನ್ನು ಹಿಡಿದು ಕೂರುತ್ತಿದ್ದೆ, ದಿನಾ ಏನಾದರೊಂದು ನೆಪ ಸಿಗುತ್ತಿತ್ತು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ನಡುವೆ ಮಾತಾಡುತ್ತೀ, ನಾನು ಹೆದರಿ ಅಲ್ಲಿಗೇ ಬಿಟ್ಟು ಬದನೆಕಾಯಿ ಪಲ್ಯದ ಮಾತಿಗೆ ಹೊರಳುತ್ತೇನೆ. ಕಾಗದ ನಡುವೆ ಮಾತಾಡುವುದಿಲ್ಲ. ಐದನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಒತ್ತಕ್ಷರ ಎಲ್ಲೆಲ್ಲೋ ಕೂತಿದ್ದರೆ ನೀನೇ ಸರಿಮಾಡಿಕೊಂಡು ಓದು, ಕಾಲೇಜಿನಲ್ಲಿ ಪಾಠ ಹೇಳುವವಳಲ್ಲವೇ. ಏಳು ತಿಂಗಳ ಬಸುರಿ, ನಿಂತುಕೊಂಡು ಓದಬೇಡ. ಕೂತು ಓದು. ಊಟ ಮಾಡಿ ಓದು.

ಇಲ್ಲಿ ಎಲ್ಲರೂ ಆರಾಮ. ನಿನ್ನ ಅಪ್ಪ ಬಾಡಗಂಡಿಯ ಕಡೆಯ ಹೊಲದಲ್ಲಿ ಕಬ್ಬಿಗೆ ನೀರು ಬಿಟ್ಟು ಬರುತ್ತೇನೆಂದು ಹೋದವರು ಇನ್ನೂ ಬಂದಿಲ್ಲ. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಬಳಿದು ತಮ್ಮ ಅಂಗಿಗೂ ಬಳಿದುಕೊಂಡಿದ್ದಾರೆ. ನಿನ್ನ ಕಾಕಾ ಪರಮಾನಂದ ಅಗಸಿ ಹೆಬ್ಬಾಗಿಲಿನ ಕಟ್ಟೆಯ ಮೇಲೆ ಕೂತು, ಹೋಗಿಬರುವವರಿಗೆಲ್ಲ ನಮ್ಮ ಮನೆ ಹಳೆಯ ಮನೆಗಳ ಪುಸ್ತಕದಲ್ಲಿ ಬರುತ್ತದೆಂದು ಹೇಳುತ್ತಿದ್ದಾನೆ. ನಿನ್ನ ಅಪ್ಪ ಈ ಮನೆಗೆ ನೂರಾ ಮೂವತ್ತು ವರ್ಷ ಎನ್ನುತ್ತಾರೆ. ಪರಮಾನಂದ ಬೀಗರ ಮುಂದೆ ಇನ್ನೂರು ಎನ್ನುತ್ತಾನೆ, ಅಪರಿಚಿತರು ಬಂದರೆ ಮುನ್ನೂರಕ್ಕೆ ಹೋಗುತ್ತಾನೆ.

ಈಗ ನಕಾಶೆಯ ವಿಷಯ. ಆ ಪುಸ್ತಕಕ್ಕೆ ನಕಾಶೆ ಬರೆಯಲು ನೀನು ಕಳಿಸಿದ ಸ್ನೇಹಾ ಛಲೋ ಹುಡುಗಿ. ಮುಧೋಳದಿಂದ ಬಸ್ಸಿನಲ್ಲಿ ಬಂದು ನಾಲ್ಕು ದಿನ ಗೋಡೆ ಗೋಡೆ ಅಳೆದಳು. ಮೂರು ಅಡಿ ದಪ್ಪದ ಗೋಡೆಯನ್ನು ಮುಟ್ಟಿ, "ಇದು ಗ್ವಾಡಿ ಅಲ್ರೀ, ಕ್ವಾಟಿ" ಎಂದು ನಕ್ಕಳು. ಆದರೆ ತಪ್ಪುಗಳಿವೆ. ದನ ಕಟ್ಟುವ ಹಕ್ಕೆಯ ಪಕ್ಕದ ದುಂಡನೆಯ ಗೆರೆಗೆ 'ಬಾವಿ' ಎಂದು ಬರೆದಿದ್ದಾಳೆ. ಅದು ಹಗೇವು, ನೆಲದೊಳಗೆ ಜೋಳ ತುಂಬಿಡುತ್ತಿದ್ದ ಕುಳಿ. ಪರಮಾನಂದ ಅದನ್ನು ನೋಡಿ, "ಹಂಗ ಇರ್ಲಿ ಬಿಡ್ರಿ ವೈನಿ, ಪುಸ್ತಕ ಓದಿ ಯಾವನರ ಕೊಡ ತಗೊಂಡ ಬಂದ್ರ ನಾಕ ಸೇರು ಜ್ವಾಳ ತುಂಬಿ ಕಳಸೂನು" ಎಂದ. ಪಡಸಾಲೆಯ ಹನ್ನೆರಡು ಕಂಬಗಳೂ ತೇಗ ಎಂದು ಬರೆದಿದ್ದಾಳೆ. ಹನ್ನೊಂದು ತೇಗ, ಒಂದು ಬೇವು. ಹಳಿಯಾಳದ ಕಡೆಯಿಂದ ಬಂಡಿಯಲ್ಲಿ ತರುವಾಗ ಒಂದು ದಿಮ್ಮಿ ಹೊಳೆಯ ಪಾಲಾಯಿತಂತೆ. ಅದರ ಬದಲು ಹಿತ್ತಲಿನ ಬೇವನ್ನೇ ಕಡಿದು ನಿಲ್ಲಿಸಿದರು. ಈಗಲೂ ಆ ಕಂಬಕ್ಕೆ ಹುಳ ಬಿದ್ದಿಲ್ಲ.

ಮನೆ ಕಟ್ಟಿಸಿದ ಗಿರಿಮಲ್ಲಪ್ಪನವರು ನಿನ್ನ ಅಪ್ಪನ ಮುತ್ತಜ್ಜ. ಅವರ ಬಗ್ಗೆ ಎರಡು ಮಾತು ಬರೆದುಕೊಡು ಎಂದಿದ್ದೆ. ನನಗೆ ಅತ್ತೆ ಹೇಳಿದ್ದಷ್ಟೇ ಗೊತ್ತು. ಗಿರಿಮಲ್ಲಪ್ಪನವರ ತಾಯಿಗೆ ಕಣ್ಣು ಹೋಗುತ್ತ ಬಂದಿತ್ತಂತೆ. ಮುಖ ಕಾಣುತ್ತಿರಲಿಲ್ಲ, ಬೆಳಕು ಮಾತ್ರ ತಿಳಿಯುತ್ತಿತ್ತು. ಅದಕ್ಕೆ ಮಗ ಹೊಸ ಮನೆಯ ಪ್ರತಿ ಕೋಣೆಯ ಮಾಳಿಗೆಯಲ್ಲೂ ಒಂದು ಬೆಳಕಿಂಡಿ ಬಿಡಿಸಿದರು. ಜಂತಿಗಳ ನಡುವೆ ಗೇಣಗಲದ ತೂತು, ಮಳೆನೀರು ಇಳಿಯದಂತೆ ಸುತ್ತ ಕಲ್ಲಿನ ಕಟ್ಟು, ಮೇಲೆ ಸುಟ್ಟ ಮಣ್ಣಿನ ಮುಚ್ಚಳ. ಮುದುಕಿ ಅಡಿಗೆಮನೆಯ ಬಿಸಿಲ ಬಿಲ್ಲೆಯಿಂದ ಪಡಸಾಲೆಯ ಬಿಸಿಲ ಬಿಲ್ಲೆಗೆ, ಅಲ್ಲಿಂದ ದೇವರಮನೆಗೆ, ಪಾದದಲ್ಲಿ ಬಿಸಿ ನೋಡಿಕೊಂಡು ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದಳಂತೆ. ಒಟ್ಟು ಹದಿನಾಲ್ಕು. ಜಮಖಂಡಿಯ ಬಸ್ಸಿನಿಂದಿಳಿದು ಆಟೋದವನಿಗೆ 'ಹದಿನಾಲ್ಕ ಕಿಂಡಿ ಮನಿ' ಎಂದರೆ ಸಾಕು, ಇವತ್ತಿಗೂ ಬೇರೆ ಗುರುತು ಕೇಳುವುದಿಲ್ಲ.

ಆ ಕಿಂಡಿಗಳಿಗೆ ಒಂದು ಪದ್ಧತಿ ಇತ್ತು. ಮೋಡ ಕಟ್ಟಿದರೆ ಮನೆಯ ಒಬ್ಬರು ಮಾಳಿಗೆ ಹತ್ತಿ ಹದಿನಾಲ್ಕೂ ಮುಚ್ಚಬೇಕು. ಹನಿ ನಿಂತ ಕೂಡಲೇ ಹದಿನಾಲ್ಕೂ ತೆರೆಯಬೇಕು. ಒಳಗೆ ಒಲೆ ಉರಿಯುತ್ತದೆ, ಹೊಗೆಗೆ ಅದೊಂದೇ ದಾರಿ. ಮಾಳಿಗೆಯದು ಮಣ್ಣಿನ ಮೇಲ್ಮುದ್ದೆ ನೋಡು, ಓಡಿದರೆ ಕೆಳಗೆ ಮಣ್ಣುದುರುತ್ತದೆ. ಮಳೆ ಬಂದರೂ ಮೆಲ್ಲಗೆ ಹೆಜ್ಜೆಯಿಡಬೇಕು. ನಿನ್ನ ಅಪ್ಪ ಸಣ್ಣವರಿದ್ದಾಗ ಅದು ಅವರ ಕೆಲಸವಾಗಿತ್ತು. ಆಮೇಲೆ ನಿನ್ನ ತಾಯಿ ಸೊಸೆಯಾಗಿ ಬಂದ ಮೇಲೆ ಅವಳದು.

ಈಗ ನೀನು ತಿರುತಿರುಗಿ ಕೇಳುವ ಕೋಣೆ.

ಅಡಿಗೆಮನೆಯ ಹಿಂದಿನ ಆ ಬಾಣಂತಿ ಕೋಣೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ದನ್ನಷ್ಟೇ ನೀನು ನೋಡಿದ್ದೀ. ನಿನ್ನ ತಾಯಿ ತೀರಿದ ಮೂರನೆಯ ದಿನ ನಿನ್ನ ಅಜ್ಜಿ ಶಿವಗಂಗವ್ವ, ನನ್ನ ಅತ್ತೆ, ಅದನ್ನು ಕಟ್ಟಿಸಿದರು. ಮಾಳಿಗೆಯ ಮೇಲೂ ಆ ಕೋಣೆಯ ನೆತ್ತಿಯಷ್ಟು ಜಾಗದಲ್ಲಿ ಯಾರೂ ಕಾಲಿಡುವುದಿಲ್ಲ. ಹಪ್ಪಳ ಒಣಹಾಕುವಾಗ ಸುತ್ತು ಬಳಸಿ ಹಾಕುತ್ತೇವೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಎಳೆಯುವಾಗ ಅಷ್ಟನ್ನು ಮಾತ್ರ ಅತ್ತೆ ತಾವೇ ಎಳೆಯುತ್ತಿದ್ದರು, ಆಳುಗಳನ್ನು ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ಹನ್ನೊಂದು ವರ್ಷದಿಂದ ನಾನು ಎಳೆಯುತ್ತಿದ್ದೇನೆ. ಶ್ರಾವಣದ ಜಿಟಿಜಿಟಿ ಹಿಡಿಯಿತೆಂದರೆ ಆ ಗೋಡೆಯೊಳಗಿಂದ ಓಮಿನ ಕಾಳಿನ ಹೊಗೆಯ ವಾಸನೆ ಬರುತ್ತದೆ, ಕಾವ್ಯಾ. ನಿನ್ನ ಅಪ್ಪ ಬರುವುದಿಲ್ಲ ಎನ್ನುತ್ತಾರೆ. ನನಗೆ ಬರುತ್ತದೆ. ಕೆಲವು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಒಳಗೆ ಹೊರಸಿನ ಹುರಿ ಜಗ್ಗಿದ ಸಪ್ಪಳ ಕೇಳುತ್ತದೆ, ಯಾರೋ ಮಗ್ಗುಲು ಬದಲಿಸಿದ ಹಾಗೆ. ಇಲಿ ಎಂದುಕೊಂಡು ಅಕ್ಕಿ ಆರಿಸಲು ಕೂರುತ್ತೇನೆ. ಇಟ್ಟಿಗೆ ಕಟ್ಟಿದ ಕೋಣೆಗೆ ಇಲಿ ಎಲ್ಲಿಂದ ಬರಬೇಕು?

ಹೊರಗಿನ ಅಳತೆಗೂ ಒಳಗಿನ ಅಳತೆಗೂ ಎಂಟಡಿ ಕೂಡುತ್ತಿಲ್ಲ, ಆ ಕೋಣೆ ತೆರೆಸಿ ಎಂದು ಸ್ನೇಹಾ ಹಟ ಹಿಡಿದಳು. ನೀನೂ ಫೋನಿನಲ್ಲಿ ಅಪ್ಪನಿಗೆ, "ತಗಸ್ರಿ ಅಪ್ಪಾ, ನಾ ಹುಟ್ಟಿದ್ದ ಜಾಗಾ ಅದು, ಎಷ್ಟ ದಿನಾ ಅಂತ ಮುಚ್ಚಿ ಇಡ್ತೀರಿ" ಎಂದೆ. ಮೂವತ್ತೈದು ವರ್ಷದ ಇಟ್ಟಿಗೆ ಅರ್ಧ ತಾಸಿನಲ್ಲಿ ಬಿದ್ದವು. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು, ಆದರೂ ಒಳಗೆ ಏನೂ ಕಾಣಲಿಲ್ಲ. ಪರಮಾನಂದ ಹೊಸಲಿನ ಹೊರಗೇ ನಿಂತು, "ವೈನಿ, ದೆವ್ವ ಬಂದ್ರ ಮೊದ್ಲ ಚಾ ಕೊಡ್ರಿ, ಮೂವತ್ತೈದ ವರ್ಷ ಚಾ ಕುಡದಿಲ್ಲ ಪಾಪ" ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ನಿನ್ನ ಅಪ್ಪ ಒಳಗೆ ಇಣುಕಿ ನೋಡಿ, ಟವೆಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋಗಿಬಿಟ್ಟರು.

ಹೊರಸಿನ ನಾಲ್ಕು ಕಾಲು ನಿಂತೇ ಇದ್ದವು, ಹುರಿ ಹಿಟ್ಟಾಗಿ ಕೆಳಗೆ ಬಿದ್ದಿತ್ತು. ಕೆಳಗೆ ಕಬ್ಬಿಣದ ಅಗ್ಗಿಷ್ಟಿಕೆ. ಅದರಲ್ಲಿ ಬೂದಿ ಇತ್ತು, ಕಾವ್ಯಾ. ತೆಗೆದಿರಲಿಲ್ಲ. ತೊಲೆಗೆ ನಿನ್ನ ತೊಟ್ಟಿಲ ಕೊಂಡಿ. ಗೋಡೆಯ ಮಾಡದಲ್ಲಿ ಒಂದು ಕಾಡಿಗೆಯ ಡಬ್ಬಿ. ಸ್ನೇಹಾ ಬ್ಯಾಟರಿ ಬಿಟ್ಟು ಮಾಳಿಗೆ ನೋಡಿದಳು. ಜಂತಿಗಳೆಲ್ಲ ಹೊಗೆಗೆ ಕಪ್ಪಾಗಿದ್ದವು, ನಡುವೆ ಒಂದು ಹಾಸುಗಲ್ಲು.

"ಅವ್ವಾರ, ಎಲ್ಲಾ ಖೋಲಿಗೂ ಬೆಳಕಿಂಡಿ ಐತಿ. ಇದಕ್ಯಾಕ ಇಲ್ಲ?" ಎಂದಳು.

"ಇರಲಿಲ್ಲ ತಂಗಿ" ಎಂದೆ.

"ನಾ ಮಾಳಿಗಿ ಮ್ಯಾಲ ಎಣಸೀನ್ರಿ. ಹದಿಮೂರ ಅದಾವು. ಮಂದಿ ಹದಿನಾಲ್ಕ ಅಂತಾರ."

ಪರಮಾನಂದ ಹೊರಗಿನಿಂದಲೇ, "ಅಗಸಿ ಬಾಗಲದಾಗ ಒಂದ ಕಿಂಡಿ ಐತಲ್ಲ, ಅದನ್ನ ಹಿಡದು ಹದಿನಾಲ್ಕ ಬಿಡವಾ" ಎಂದ. ಅವನಿಗೆ ಖರೆ ಗೊತ್ತಿಲ್ಲ. ಸಣ್ಣವನಿದ್ದಾಗಿನಿಂದ ಅವನು ರಬಕವಿಯ ಸೋದರಮಾವನ ಮನೆಯಲ್ಲಿ ಸಾಲೆಗಿದ್ದ, ಆ ವರ್ಷವೂ ಅಲ್ಲೇ. ನಾನು, "ಹೌದೌದು, ಅದನ್ನ ಹಿಡದ" ಎಂದೆ. ಎಷ್ಟು ಬೇಗ ಬಾಯಿಗೆ ಬಂತು ನೋಡು ಆ ಮಾತು.

ಸ್ನೇಹಾ ಅಗ್ಗಿಷ್ಟಿಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಬರೆಯುತ್ತಲೇ ಹೇಳಿದಳು: "ಇಂಥಾ ಖೋಲ್ಯಾಗ ಬಾಗಲಾ ಹಾಕಿ ಕೆಂಡಾ ಇಟ್ರ ಮುಗೀತ್ರಿ. ಅದರ ವಿಷಗಾಳಿಗಿ ವಾಸನಿ ಇರಂಗಿಲ್ಲ, ಬಣ್ಣ ಇರಂಗಿಲ್ಲ. ಮಲಗಿದಾಕಿಗೆ ಗೊತ್ತ ಆಗೂದಿಲ್ಲ. ಒಂದ ಬೆಳಕಿಂಡಿ ಇದ್ದಿದ್ರ ಉಳೀತಿದ್ರು ನೋಡ್ರಿ." ಅವಳಿಗೆ ಅದು ಗಾಳಿ ಬೆಳಕಿನ ಲೆಕ್ಕ. ಅಲ್ಲಿಯವರೆಗೆ ನನ್ನೊಳಗೆ ಅನುಮಾನವೊಂದಿತ್ತು. ಅನುಮಾನದ ಜೊತೆಗಾದರೆ ಹೇಗೋ ಉಣ್ಣಬಹುದು, ಮಲಗಬಹುದು.

ಅದಾದ ನಾಲ್ಕನೆಯ ದಿನ ಅಳಿಯ ವೀರೇಶನ ಫೋನು ಬಂತು. ನಿನಗೆ ಹೇಳಬೇಡಿ ಎಂದಿದ್ದಾನೆ, ಹೇಳುತ್ತಿದ್ದೇನೆ, ಅವನನ್ನು ಬೈಯಬೇಡ. ನೀನು ಸರಿಯಾಗಿ ಉಣ್ಣುತ್ತಿಲ್ಲವಂತೆ. ಹುಟ್ಟದ ಕೂಸಿಗೆ ಐದು ವರ್ಷದವರೆಗಿನ ಅಂಗಿ ಹೊಲಿದು, ಒಂದೊಂದರ ಮೇಲೆ ವಯಸ್ಸು ಬರೆದು, ಪೆಟ್ಟಿಗೆಯಲ್ಲಿಟ್ಟಿದ್ದೀಯಂತೆ. "ಅತ್ತಿ, ಊರಿಗಿ ಹೊಂಟಾಕಿ ಹಂಗ ಎಲ್ಲಾ ಹೊಂದಿಸಿ ಇಡಾಕತ್ತಾಳ್ರಿ. ನಾ ಏನ ಮಾಡ್ಲಿ?" ಎಂದು ಗಂಡಸು ಅತ್ತ. ನಾನು ನಿನಗೆ ಫೋನು ಮಾಡಿದೆ, ನೆನಪಿದೆಯಲ್ಲ. ನೀನು ನಕ್ಕೆ. ನಕ್ಕು, "ಚಿಗವ್ವಾ, ನಾ ಹುಟ್ಟಿ ನಮ್ಮವ್ವನ್ನ ತಿಂದೆ. ಇದು ನನ್ನ ತಿಂದ್ರ ಲೆಕ್ಕಾ ಸಮಾ ಆತಲ್ಲ" ಎಂದೆ. ನಾನು ಏನೆಂದೆ? "ಹಂಗೆಲ್ಲಾ ಅನಬಾರದವ್ವಾ, ಒಂದ ಲೋಟಾ ಹಾಲ ಕುಡಿ" ಎಂದೆ. ಹಾಲು ಕುಡಿ ಎಂದೆ, ಕಾವ್ಯಾ. ಆ ದಿನದಿಂದ ನನ್ನ ಬಾಯಲ್ಲಿ ಅನ್ನ ಮಣ್ಣಾಗಿದೆ.

ಮೂಲಾ ನಕ್ಷತ್ರದ ಕೂಸು, ತಾಯಿಯನ್ನು ನುಂಗಿತು ಎಂದು ಈ ಓಣಿಯೆಲ್ಲ ಆಡಿದ್ದನ್ನು ನೀನು ಕೇಳಿ ಬೆಳೆದವಳು. ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಪಾಟಿ ಒಡೆದುಕೊಂಡು ಬಂದು, "ಚಿಗವ್ವಾ, ತಾಯಿ ತಿಂದಾಕಿ ಅಂದ್ರ ಏನ?" ಎಂದು ಕೇಳಿದ್ದೆ. ಆಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಅಲ್ಲೇ ಕೂತಿದ್ದರು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹೆಂಚಿನ ಮೇಲಿನ ರೊಟ್ಟಿ ಹತ್ತಿತು.

ನಕಾಶೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಹಗೇವು, ಬೇವಿನ ಕಂಬ, ಅಗಸಿಯ ಸಣ್ಣ ದಿಡ್ಡಿ ಬಾಗಿಲು ಎಲ್ಲವನ್ನೂ ಪೆನ್ಸಿಲಿನಲ್ಲಿ ತಿದ್ದಿದ್ದೇನೆ. ಇಷ್ಟೇ ಬರೆದು ಮುಗಿಸಬೇಕೆಂದು ಕೂತಿದ್ದು. ವೀರೇಶನಿಗೆ ನಮ್ಮ ನೆನಪು ತಿಳಿಸು. ಹೊಟ್ಟೆಯಲ್ಲಿರುವುದು ಗಂಡಾಗಲಿ ಹೆಣ್ಣಾಗಲಿ, ನಿನ್ನ ಮಡಿಲಲ್ಲೇ ಬೆಳೆದು, ನಿನ್ನ ತಲೆಗೂದಲು ಬೆಳ್ಳಗಾಗುವುದನ್ನು ನೋಡಿ ನಗಲಿ. ಈ ಮನೆಯ ಎಲ್ಲ ದೇವರೂ ನಿನ್ನ ಕಾಯಲಿ. ನನ್ನ ಮಾತನ್ನು ಅವರು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೂ ಕೇಳಿಕೊಂಡಿದ್ದೇನೆ.

ನಿನ್ನ ಚಿಗವ್ವ,
ಗಂಗಾಂಬಿಕಾ

ತಾ. ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ಕಾಗದ ಬೇರೆ ಇದೆ, ನೋಡಿದರೆ ತಿಳಿಯುತ್ತದೆ.

ಆ ಕೋಣೆಗೆ ಬೆಳಕಿಂಡಿ ಇತ್ತು. ಸ್ನೇಹಾಳಿಗೆ ನಾನು ಸುಳ್ಳು ಹೇಳಿದೆ.

ನಿನ್ನನ್ನು ಹೆತ್ತ ಬಾಣಂತನದಲ್ಲಿ ಅಕ್ಕನಿಗೆ ಕೈಗೂಡಿಸಲು ಎಂದು ನನ್ನನ್ನು ಮುಧೋಳದ ತವರಿನಿಂದ ಕರೆತಂದರು. ನನಗೆ ಹದಿಮೂರು, ನಡುವೆ ಎರಡು ಸಲ ಸಾಲೆ ತಪ್ಪಿ ಐದನೆಯ ಇಯತ್ತೆಯಲ್ಲೇ ಇದ್ದೆ. ಹದಿನೈದು ದಿನಕ್ಕೆಂದು ಪಾಟಿಚೀಲವನ್ನೂ ತಂದಿದ್ದೆ. ಅಕ್ಕ ಬಾಣಂತಿ ಕೋಣೆ ಸೇರಿದ ಮೇಲೆ ಕಿಂಡಿಗಳನ್ನು ಮುಚ್ಚುವ ತೆರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಷ್ಟು ಹೆಮ್ಮೆಯಿಂದ ಮಾಡುತ್ತಿದ್ದೆ ಗೊತ್ತೇ.

ನಿನಗೆ ಹನ್ನೊಂದನೆಯ ದಿನ. ಎರೆಯುವ ಕೆಂಪವ್ವ ನಿನ್ನನ್ನೂ ಅಕ್ಕನನ್ನೂ ಎರೆದು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಓಮಿನಕಾಳು ಉದುರಿಸಿ ಹೋದಳು. ಮಧ್ಯಾಹ್ನ ಸೋನೆ ಹಿಡಿಯಿತು, ಜೊತೆಗೆ ಗಾಳಿ. ಅತ್ತೆ, "ಗಂಗಾ, ಕಿಂಡಿ ಮುಚ್ಚಿ ಬಾ, ಬಾಣಂತಿಗಿ ಥಂಡಿ ಬಡೀತೈತಿ. ಮಳಿ ನಿಂತ ಕೂಡ್ಲೆ ತಗೀಬೇಕ ಮತ್ತ" ಎಂದರು. ಹದಿನಾಲ್ಕೂ ಮುಚ್ಚಿದೆ. ಅರ್ಧ ತಾಸಿಗೆ ಮಳೆ ನಿಂತಿತು. ಹತ್ತಿದೆ. ಹದಿಮೂರು ತೆರೆದೆ.

ಮರೆತೆನೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ನಾನು ಮರೆತಿರಲಿಲ್ಲ. ಮುಚ್ಚಳದ ಮೇಲೆ ಕೈ ಇಟ್ಟಿದ್ದೆ. ಎರಡು ದಿನದಿಂದ ಅಕ್ಕನಿಗೆ ನಿದ್ದೆ ಇರಲಿಲ್ಲ, ಆಗಷ್ಟೇ ಕಣ್ಣು ಹತ್ತಿತ್ತು. ತೆರೆದರೆ ನೆತ್ತಿಯ ಬಿಸಿಲು ನೇರ ಮುಖದ ಮೇಲೆ ಬೀಳುತ್ತದೆ, ಎಚ್ಚರಾಗುತ್ತಾಳೆ, ಒಂದು ತಾಸು ಮಲಗಲಿ ಎಂದುಕೊಂಡೆ. ಕೈ ತೆಗೆದು ಕೆಳಗಿಳಿದು ಬಂದೆ.

ಬಂದರೆ ನೀನು ಚೀರುತ್ತಿದ್ದೆ. ಹಾಲಿನ ಅಳು ಅಲ್ಲ, ಬೇರೆ ನಮೂನೆ. ಕೈಕಾಲು ಬಡಿಯುತ್ತ, ಕೆಂಪಗಾಗಿ, ಉಸಿರು ಕಟ್ಟಿ ಕಟ್ಟಿ. ಅಕ್ಕ ಕಣ್ಣು ತೆರೆಯದೆ, "ಗಂಗಾ, ಒಂದೀಟ ಹೊರಗ ಒಯ್ಯ ಬೇ, ತಲಿ ಭಾಳ ಸಿಡ್ಯಾಕತ್ತೈತಿ" ಎಂದಳು. ಅದೇ ಅವಳ ಕಡೆಯ ಮಾತು. ನಿನ್ನನ್ನು ಎತ್ತಿಕೊಂಡು ಹೊರಬಂದು, ನಿನ್ನ ಅಳು ಅವಳಿಗೆ ಕೇಳಬಾರದೆಂದು ಬಾಗಿಲು ಜಗ್ಗಿ ಹಾಕಿದೆ. ಪಡಸಾಲೆಗೆ ಬಂದ ಎರಡು ನಿಮಿಷಕ್ಕೆ ನೀನು ಸುಮ್ಮನಾದೆ. ಗಾಳಿ ಸಿಕ್ಕಿತ್ತು ನಿನಗೆ. ನಾನು ನನ್ನ ತೊಡೆ ಬೆಚ್ಚಗಿದೆ, ಅದಕ್ಕೆ ಸುಮ್ಮನಾದಳು ಎಂದುಕೊಂಡು ಹಿಗ್ಗಿದೆ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಾಗಿಲು ತೆರೆದರು. ಎಲ್ಲರೂ ಒಳಗೆ ನುಗ್ಗಿ ಅಳುತ್ತಿದ್ದಾಗ ನಾನು ನಿನ್ನನ್ನು ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದೆ. ಮೇಲೆ ಸಪ್ಪಳವಾಯಿತು. ಮುಚ್ಚಳ ಸರಿಯಿತು. ಆ ತೂತಿನಲ್ಲಿ ಅತ್ತೆಯ ಮುಖ ಕಂಡಿತು. ಅವರು ನನ್ನನ್ನೇ ನೋಡುತ್ತಿದ್ದರು. ಕೆಳಗೆ ಬಂದು, ಕೂಡಿದ ಮಂದಿಯ ಮುಂದೆ, "ಕೂಸಿನ ನಕ್ಷತ್ರ ಛಲೋ ಇರಲಿಲ್ಲ" ಎಂದರು. ನನ್ನನ್ನು ಉಳಿಸಲು ಹಾಗೆಂದರೋ, ಮುಚ್ಚು ಎಂದ ತಮ್ಮನ್ನೇ ಉಳಿಸಿಕೊಂಡರೋ, ನನಗೆ ಇವತ್ತಿಗೂ ತಿಳಿದಿಲ್ಲ. ಮೂರನೆಯ ದಿನ ಕಿಂಡಿಗೆ ಹಾಸುಗಲ್ಲು ಹಾಕಿಸಿ ಮಣ್ಣು ಎಳೆದರು. ನಾಲ್ಕು ವರ್ಷದ ಮೇಲೆ ನನ್ನನ್ನು ನಿನ್ನ ಅಪ್ಪನಿಗೆ ಕೇಳಲು ಮುಧೋಳಕ್ಕೆ ಬಂದಾಗ ನನ್ನ ತಂದೆಗೆ, "ಈ ಕೂಸಿನ್ನ ಈಕೀನ ಜ್ವಾಕಿ ಮಾಡಬೇಕ್ರಿ" ಎಂದರು. ಅವ್ವ ಎಂದು ಕರೆಯಲು ಮಾತ್ರ ನಿನಗೆ ಬಿಡಲಿಲ್ಲ. ಚಿಗವ್ವ ಎಂದೇ ಕಲಿಸಿದರು. ಆ ಮಾತು ಅತ್ತೆಗೂ ನನಗೂ ಮಾತ್ರ ಗೊತ್ತಿದ್ದ ಶಿಕ್ಷೆ. ನಾನು ಅದನ್ನು ಕೃತಜ್ಞತೆಯಿಂದಲೇ ಹೊತ್ತೆ. ಆದರೆ ಉಳಿದದ್ದನ್ನೆಲ್ಲ ನೀನು ಹೊತ್ತೆ, ನಾನು ನೋಡುತ್ತ ಕೂತೆ. ಅಕ್ಕನಿಗಾದದ್ದು ಹದಿಮೂರು ವರ್ಷದ ಹುಡುಗಿ ಮಾಡಿದ್ದು. ಪಾಟಿ ಒಡೆದುಕೊಂಡು ಬಂದ ನಿನಗೆ ಉತ್ತರ ಹೇಳದೆ ಇದ್ದದ್ದು ದೊಡ್ಡವಳಾದ ನಾನು, ತಿಳಿದು ತಿಳಿದು.

ನೀನು ತಿಂದವಳಲ್ಲ ಕಾವ್ಯಾ. ಅವತ್ತು ಈ ಮನೆಯಲ್ಲಿ ಅಷ್ಟು ಜನರಿದ್ದೆವು. ಕೂಗಿ ಹೇಳಿದವಳು ನೀನೊಬ್ಬಳೇ. ನಮಗೆ ಅದು ಬರೀ ಅಳು ಎನಿಸಿತು.

ನಿನ್ನ ಅಪ್ಪನಿಗೆ ಇದು ಗೊತ್ತಿಲ್ಲ. ಹೇಳುವುದಾದರೆ ಹೇಳು, ನಾನು ಈ ಮನೆಯಲ್ಲೇ ಇರುತ್ತೇನೆ, ಎಲ್ಲಿಗೂ ಓಡಿಹೋಗುವುದಿಲ್ಲ. ನಕಾಶೆಯಲ್ಲಿ ಆ ಕೋಣೆಯ ಮೂಡಣ ಗೋಡೆಯಿಂದ ಮೂರನೆಯ ನಾಲ್ಕನೆಯ ಜಂತಿಗಳ ನಡುವೆ ಒಂದು ದುಂಡು ಬರೆದಿದ್ದೇನೆ, ಪೆನ್ಸಿಲಿನಲ್ಲಿ ಅಲ್ಲ, ಪೆನ್ನಿನಲ್ಲೇ. ಗೇಣು ನಾಲ್ಕು ಬೆರಳು ಅಗಲ. ಪುಸ್ತಕದಲ್ಲಿ ಅದು ಬರಲೇಬೇಕೆಂದು ಸ್ನೇಹಾಳಿಗೆ ಹೇಳು. ಇವತ್ತು ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ಮಾಳಿಗೆ ಹತ್ತಿ ಅಲ್ಲಿಯ ಮಣ್ಣನ್ನು ಕೆದರಿದ್ದೇನೆ. ಕಲ್ಲು ಎತ್ತಲು ನನ್ನೊಬ್ಬಳ ಕೈಲಾಗಲಿಲ್ಲ. ನಿನ್ನ ಅಪ್ಪ ಬಂದ ಮೇಲೆ ಇಬ್ಬರೂ ಎತ್ತುತ್ತೇವೆ. ಯಾಕೆ ಎಂದು ಕೇಳುತ್ತಾರೆ.

ನನ್ನ ಮುಖ ನೋಡುವುದು ಬೇಡ ಎನಿಸಿದರೆ ಬಾಣಂತನಕ್ಕೆ ಬೇರೆ ಯಾರನ್ನಾದರೂ ಕರೆಸಿಕೋ, ನಾನು ಏನೂ ಅಂದುಕೊಳ್ಳುವುದಿಲ್ಲ. ಇಷ್ಟು ಮಾತ್ರ ಮಾಡು. ಹೆರಿಗೆಯಾದ ಮೇಲೆ ನೀನೂ ಕೂಸೂ ಮಲಗುವ ಕೋಣೆಗೆ ಎರಡು ಕಿಟಕಿ ಇವೆ ಎಂದು ವೀರೇಶ ಹೇಳಿದ. ಇರುವುದು ಬೇರೆ, ತೆರೆಯುವುದು ಬೇರೆ. ಬಣ್ಣ ಬಳಿದಾಗ ಕದ ಹಿಡಿದುಕೊಂಡಿರುತ್ತದೆ. "ನೋಡೀನಿ ಚಿಗವ್ವಾ, ತೆರೀತಾವು" ಎನ್ನುತ್ತೀ. ಇನ್ನೊಮ್ಮೆ ಎದ್ದು ಹೋಗಿ, ನಿನ್ನ ಕೈಯಿಂದಲೇ ತೆರೆದು ನೋಡು.